ಕೆಮ್ಮಣ್ಣಿನ ಗೆರೆ

ನಮ್ಮ ಹೆಲ್ತ್ ಆಫೀಸರ ಪ್ಯಾಂಟಿನ ಅಂಚು ಯಾವಾಗ ನೋಡಿದರೂ ಒದ್ದೆ. ಖಾಕಿ ಪ್ಯಾಂಟು, ಮೊಣಕಾಲಿನವರೆಗೆ ಇಸ್ತ್ರಿಯ ಗೆರೆ ನೆಟ್ಟಗೆ, ಅದರ ಕೆಳಗೆ ನೀರು ಹೀರಿ ಮುದುರಿದ ಬಟ್ಟೆ. ಯಾವ ಮನೆಗೆ ಹೋದರೂ ಹೊಸಿಲ ಆಚೆ ಚಪ್ಪಲಿ ಬಿಟ್ಟು, ‘ಒಂದ್ ಚೊಂಬು ನೀರು ಕೊಡಮ್ಮ’ ಎಂದು ಕೇಳಿ, ಕೈಕಾಲು ತೊಳೆದೇ ಒಳಗೆ ಹೋಗುವವರು. ರೇಷ್ಮೆಹುಳು ಸಾಕುವ ಮನೆಗಳಲ್ಲಿ ಹೊರಗಿನವರು ಹಾಗೆ ಮಾಡಲೇಬೇಕು. ಇವರು ಹುಳು ಇಲ್ಲದ ಮನೆಯಲ್ಲೂ ಮಾಡುತ್ತಿದ್ದರು. ಪ್ಯಾಂಟು ಒಣಗುವುದಕ್ಕೆ ಪುರುಸೊತ್ತಾದರೂ ಎಲ್ಲಿ?

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬೆಂಗಳೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದೆ. ಓದು ಮುಗಿಯುವ ಹೊತ್ತಿಗೆ, ಹಳ್ಳಿಯ ಕೆಲಸ ಕಲಿಯಲಿ ಎಂದು ನಮ್ಮಲ್ಲಿ ಕೆಲವರನ್ನು ಚಿಂತಾಮಣಿಗೆ, ಇವರ ಕೈಕೆಳಗೆ ಕಳಿಸಿದರು. ಚಿಂತಾಮಣಿ ನನ್ನ ಹುಟ್ಟೂರು, ಅಪ್ಪ ಅಲ್ಲಿ ಮೇಷ್ಟರು. ನನಗೆ ಮನೆಯೂಟದ ಸುಖ, ಉಳಿದವರಿಗೆ ವನವಾಸ. ಘಮಘಮ ಎಣ್ಣೆ ಹಚ್ಚಿ ಕ್ರಾಪು ಬಾಚುತ್ತಿದ್ದ ಒಬ್ಬ ಸಹಪಾಠಿಯಂತೂ ಬಸ್ಸಿಳಿದ ಗಳಿಗೆಯಿಂದ ಮೂಗು ಮುರಿಯುತ್ತಲೇ ಇದ್ದ. ಈ ಜನಕ್ಕೆ ತಿಳಿವಳಿಕೆಯೇ ಇಲ್ಲ ಎನ್ನುವುದು ಅವನ ಬಾಯಿಪಾಠ. ಆಫೀಸರು ಜೇಬಿನಿಂದ ಹುರಿದ ಕಡಲೆಕಾಯಿ ತೆಗೆದು ಸುಲಿಯುತ್ತಾ, ಬೇಸರವಿಲ್ಲದೆ ತಿದ್ದುತ್ತಿದ್ದರು: ‘ತಿಳಿವಳಿಕೆ ಇಲ್ಲ ಅನ್ಬೇಡ ಕಣಪ್ಪ. ನಮ್ಮನ್ನ ನಂಬಲ್ಲ ಅನ್ನು.’

ಯಾಕೆ ನಂಬುವುದಿಲ್ಲ ಎನ್ನುವುದು ನಮಗೆ ತಿಳಿದದ್ದು ಕೆಂಚಾರ್ಲಹಳ್ಳಿಯಿಂದಾಚೆಗಿನ ಒಂದು ಊರಿನಲ್ಲಿ. ಕೆರೆಯಂಚಿನ ಊರು, ಮನೆಮನೆಯಲ್ಲೂ ರೇಷ್ಮೆಹುಳು, ಮನೆಮನೆಯಲ್ಲೂ ಚಳಿಜ್ವರ. ಮಲೇರಿಯಾ ತೊಲಗಬೇಕಾದರೆ ಎಲ್ಲ ಮನೆಗೂ ಡಿ.ಡಿ.ಟಿ. ಹೊಡೆಯಬೇಕು, ಒಂದು ಗೋಡೆಯನ್ನೂ ಬಿಡಕೂಡದು ಎಂದು ಮೇಲಿನವರ ಹುಕುಂ. ಸೊಳ್ಳೆ ಕೊಲ್ಲುವ ಔಷಧಿ ರೇಷ್ಮೆಹುಳುವನ್ನು ಉಳಿಸೀತೆ? ಹಿಂದಿನ ವರ್ಷ ಔಷಧಿ ಹೊಡೆಯುವವರು ಜನರ ಮಾತು ಕೇಳಿ ಹುಳುವಿನ ಕೋಣೆಯೊಂದನ್ನು ಬಿಟ್ಟು ಮಿಕ್ಕ ಗೋಡೆಗಳಿಗೆ ಹೊಡೆದು ಹೋಗಿದ್ದರು. ಆಮೇಲೆ ಹೆಂಗಸರು ಹುಳು ಸಾಕುವ ಬಿದಿರಿನ ತಟ್ಟೆಗಳನ್ನು ಎಂದಿನಂತೆ ತೊಳೆದು, ಸೆಗಣಿ ಬಳಿದು, ಎಂದಿನಂತೆ ಹೊರಗೋಡೆಗೆ ಒರಗಿಸಿ ಒಣಗಿಸಿದರು. ಗೋಡೆಯ ಔಷಧಿ ತಟ್ಟೆಗೆ ಹತ್ತಿತು. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು ತಲೆ ತೂಗಾಡಿಸಿ, ಬಾಯಲ್ಲಿ ನೀರು ಸುರಿಸಿ, ತಟ್ಟೆಗೆ ತಟ್ಟೆಯೇ ಸತ್ತವು.

ಈ ವರ್ಷ ನಾವು ಹೋದಾಗ ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಚಾವಡಿ ಪಕ್ಕದ ಮನೆಯ ಅಮ್ಮನೊಬ್ಬಳು ಮಾತ್ರ ಸೊಸೆಗೆ ಗುಳಿಗೆ ಬೇಕೆಂದು ಬಾಗಿಲು ತೆರೆದಳು. ಸೊಸೆ ತುಂಬಿದ ಬಸುರಿ, ಎರಡು ಕಂಬಳಿಯ ಕೆಳಗೆ ಗಡಗಡ ನಡುಗುತ್ತಿದ್ದಳು. ತುಟಿಯಲ್ಲಿ ರಕ್ತವೇ ಇಲ್ಲ. ಗುಳಿಗೆಗೆ ಈ ಸಲದ ಜ್ವರ ಇಳಿದರೂ, ಮನೆ ತುಂಬ ಸೊಳ್ಳೆ ಇದ್ದರೆ ಮತ್ತೆ ಬರುತ್ತದೆ, ಇನ್ನೊಂದು ಸಲ ಬಂದರೆ ತಾಯಿ ಮಗು ಇಬ್ಬರೂ ಉಳಿಯುವುದು ಕಷ್ಟ ಎಂದು ಆಫೀಸರು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಅಮ್ಮ ಹೊಸಿಲಿಗೆ ಅಡ್ಡ ನಿಂತೇ ಉತ್ತರ ಕೊಟ್ಟಳು.

‘ಹುಳ ಹೋದ್ರೆ ಇವಳಿಗೆ ಗಂಜಿ ಎಲ್ಲಿಂದ ತರಣ ಸ್ವಾಮಿ? ಜ್ವರ ಆದ್ರೆ ದಿನ ಬಿಟ್ಟು ಬರ್ತದೆ. ಹೊಟ್ಟೆ ದಿನಾ ಕೇಳ್ತದೆ.’

ಹುಕುಂ ಇದೆಯಲ್ಲ, ಪೊಲೀಸರನ್ನು ಕರೆಸಿಬಿಡಿ ಸಾರ್ ಎಂದು ನಮ್ಮ ಕ್ರಾಪಿನವನು ಇಂಗ್ಲಿಷಿನಲ್ಲಿ ಉಸುರಿದ. ಆಫೀಸರು ಅವಳಿಗೂ ಕೇಳಿಸಲೆಂದು ಕನ್ನಡದಲ್ಲೇ ಹೇಳಿದರು: ‘ಪೊಲೀಸರು ಇವತ್ತು ಬಾಗಿಲು ತೆಗೆಸ್ತಾರೆ. ನಾಳೆ ಸೂಜಿ ಹಿಡ್ಕೊಂಡು ನೀನು ಬರ್ತೀಯಲ್ಲ, ಆಗ ಯಾರಪ್ಪ ತೆಗೀತಾರೆ?’

ಅಂದು ಮಧ್ಯಾಹ್ನವೆಲ್ಲ ಅವರು ಆ ಮನೆಯ ಜಗಲಿ ಬಿಟ್ಟು ಏಳಲಿಲ್ಲ. ಒಬ್ಬೊಬ್ಬರಾಗಿ ಹೆಂಗಸರು ಬಂದು ಕೂತರು. ಆಫೀಸರು ಅವರನ್ನು, ತಟ್ಟೆ ಎಲ್ಲಿ ತೊಳೆಯುತ್ತೀರಿ, ಎಲ್ಲಿ ಒಣಗಿಸುತ್ತೀರಿ, ಒರಗಿಸಿದರೆ ಎಷ್ಟೆತ್ತರ ಬರುತ್ತದೆ ಎಂದು ಕೇಳಿದರು. ಸೊಳ್ಳೆ ಹೆಚ್ಚಾಗಿ ಕೂರುವುದು ಒಳಗೋಡೆಯಲ್ಲಿ, ಸೂರಿನ ಅಡಿಯಲ್ಲಿ ಎಂದು ತಮಗೆ ಗೊತ್ತಿದ್ದನ್ನು ಹೇಳಿದರು. ಕೊನೆಗೆ ಆ ಅಮ್ಮ ಎದ್ದು, ಹೊಸಿಲಿಗೆ ಬಳಿಯುವ ಕೆಮ್ಮಣ್ಣನ್ನು ಕಲಸಿ ತಂದು, ಹೊರಗೋಡೆಯ ಮೇಲೆ ಕೈ ಎಟಕುವಷ್ಟು ಎತ್ತರದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಳು. ಗೆರೆಯ ಕೆಳಗೆ ತಟ್ಟೆಗಳ ಜಾಗ, ಅಲ್ಲಿ ಔಷಧಿ ಬೀಳಬಾರದು. ಹುಳುವಿನ ಕೋಣೆಗೂ ಔಷಧಿಯಿಲ್ಲ, ಆದರೆ ಬಾಗಿಲು ಕಿಟಕಿಗೆ ತೆಳುಬಟ್ಟೆಯ ಪರದೆ. ಅದರೊಳಗೆ ಯಾರೂ ಮಲಗಬಾರದು. ಮನೆಯಲ್ಲಿದ್ದ ಹುಳು ಗೂಡಾದ ಮೇಲೆಯೇ ಔಷಧಿ, ಅದು ಒಣಗುವ ತನಕ ಊರಿನ ತಟ್ಟೆಗಳೆಲ್ಲ ಸ್ಕೂಲಿನಲ್ಲಿ. ಎಲ್ಲ ಒಪ್ಪಿಗೆಯಾದರೂ ಆ ಅಮ್ಮ ಬಿಡಲಿಲ್ಲ. ಹೊಸ ಹುಳು ಸತ್ತರೆ ಎಂದು ಕೇಳಿದಳು.

‘ಸಾಯಲ್ಲ ಅಂತ ನಾನು ಹೆಂಗೆ ಹೇಳ್ಲಮ್ಮ? ಅವು ಗೂಡು ಕಟ್ಟೋವರೆಗೂ ಇಲ್ಲೇ ಇರ್ತೀನಿ. ಈ ಮಕ್ಕಳೂ ಇರ್ತಾರೆ.’

ಅವಳು ಅವರನ್ನು ಮೇಲಿಂದ ಕೆಳಗೆ ನೋಡಿ, ‘ಕಾನೀ, ಚೂದ್ದಾಂ’ ಅಂದಳು. ಆ ಕಡೆಯವರಿಗೆ ಬಾಯಿಗೆ ಬಂದದ್ದು ತೆಲುಗೋ ಕನ್ನಡವೋ ಎಂಬ ಲೆಕ್ಕವಿಲ್ಲ. ಆಗಲಿ ನೋಡೋಣ ಎಂದು ಅರ್ಥ.

ಹಾಗೆ ನಮ್ಮ ಬಿಡಾರ ಸ್ಕೂಲಿಗೆ ಬಂತು. ಮನೆಯಲ್ಲಿದ್ದ ಹುಳು ಗೂಡಾಯಿತು, ಗೆರೆಯ ಮೇಲೆ ಔಷಧಿ ಹೊಡೆದದ್ದೂ ಆಯಿತು, ಹೊಸ ಹುಳುಗಳು ತಟ್ಟೆಗೆ ಬಂದವು. ಆಫೀಸರು ಹಗಲು ಬೇರೆ ಊರುಗಳ ಕೆಲಸ ಮುಗಿಸಿ, ಸಂಜೆ ಸೈಕಲ್ಲಿನಲ್ಲಿ ಹಿಂದಿರುಗುವರು. ನಮಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಕೆಲಸ. ಕ್ರಾಪಿನವನನ್ನು ಆ ಅಮ್ಮ ಹೊಸಿಲಿನಿಂದಲೇ ವಾಪಸು ಅಟ್ಟಿದಳು, ಎಣ್ಣೆಯ ವಾಸನೆ ಹುಳುವಿಗೆ ಆಗುವುದಿಲ್ಲ ಎಂದು. ಸೀಗೆಪುಡಿಯಲ್ಲಿ ತಲೆ ಉಜ್ಜಿಕೊಂಡು, ಕೆದರಿದ ಕೂದಲಲ್ಲಿ ಕೋಳಿಮರಿಯ ಹಾಗೆ ಬಂದು ನಿಂತವನನ್ನು ಕಂಡು ಕಂಬಳಿ ಹೊದ್ದು ಮಲಗಿದ್ದ ಸೊಸೆಯೂ ನಕ್ಕಳು. ಬರಬರುತ್ತಾ ಅವನೇ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಹುಳು ಮೇಯುತ್ತಿವೆಯೇ ಎಂದು ಕಿವಿಗೊಟ್ಟು ಕೇಳಿ ಬರತೊಡಗಿದ. ಬಸುರಿಯ ಕಣ್ಣುರೆಪ್ಪೆ ಬಿಡಿಸಿ ನೋಡುವುದಕ್ಕೂ ಈಗ ಅವಳ ಒಪ್ಪಿಗೆ ಕೇಳುತ್ತಿದ್ದ.

ಅಷ್ಟರಲ್ಲಿ ಮೇಲಿನಿಂದ ಒಬ್ಬರು ತನಿಖೆಗೆ ಬಂದರು. ಗೆರೆಯ ಕೆಳಗೆ ಔಷಧಿ ಕಾಣದ ಗೋಡೆಗಳನ್ನು ನೋಡಿ ಕೆಂಡವಾದರು. ಔಷಧಿ ಹೊಡೆಯುವವರ ಮೇಲೆ ತಪ್ಪು ಹೊರಿಸಿ ಪಾರಾಗಬಹುದಿತ್ತು. ನಮ್ಮವರು ‘ನಾನೇ ಬಿಡಿಸಿದ್ದು ಸಾರ್’ ಎಂದರು, ಬರೆದೂ ಕೊಟ್ಟರು. ಗೌರಿಬಿದನೂರಿನ ಕಡೆಗೆ ವರ್ಗವಾಯಿತು. ಹುಳು ಗೂಡು ಕಟ್ಟಲು ಇನ್ನೂ ಕೆಲವು ದಿನ ಇದ್ದವು. ರಜೆ ಹಾಕಿ, ಹಾಸಿಗೆ ಸುತ್ತದೆ ಅಲ್ಲೇ ಉಳಿದರು. ಊರಿನವರು ಕೈಮುಗಿದು ಹೋಗಿ ಸ್ವಾಮಿ ಎಂದರೂ ಕದಲಲಿಲ್ಲ. ಅಂಥ ಹಟಮಾರಿಯನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಹುಳುಗಳು ಹಳದಿಗೆ ತಿರುಗಿ ಹಣ್ಣಾದವು. ಗೂಡು ಕಟ್ಟಲು ಅವನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಮಾರನೆಯ ದಿನ ಆ ಅಮ್ಮ ಚಂದ್ರಿಕೆಯನ್ನು ಹೊರಗೆ ಬೆಳಕಿಗೆ ಹಿಡಿದಳು, ಸಾಲುಸಾಲಾಗಿ ಗೂಡು. ಆಫೀಸರು ಕಡಲೆಕಾಯಿ ಸುಲಿಯುವುದನ್ನು ಮರೆತು ನಿಂತಿದ್ದರು. ಸೊಸೆಗೆ ಜ್ವರ ಮರುಕಳಿಸಲಿಲ್ಲ. ಹೆರಿಗೆಯನ್ನು ನಾನೇ ಮಾಡಿಸಿದೆ, ಗಂಡುಮಗು.

ಮುಂದಿನ ವರ್ಷ ಔಷಧಿ ಹೊಡೆಯುವವರು ಹೋಗುವ ಮೊದಲೇ ಸುತ್ತಣ ಊರುಗಳಲ್ಲೂ ಗೋಡೆಗಳ ಮೇಲೆ ಕೆಮ್ಮಣ್ಣಿನ ಗೆರೆ ಎದ್ದಿತ್ತು. ಬಾಗಿಲುಗಳು ತೆರೆದಿದ್ದವು. ರೇಷ್ಮೆಯ ಊರುಗಳಲ್ಲಿ ಹಾಗೇ ಮಾಡಬಹುದು ಎಂದು ಮೇಲಿನವರ ಆದೇಶವೂ ಕಡೆಗೊಮ್ಮೆ ಬಂತು. ಅದರಲ್ಲಿ ಅವರ ಹೆಸರಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವರಿಗೆ ಹೇಳಿದರೆ, ಆ ಅಮ್ಮನ ಹೆಸರೂ ಇಲ್ಲವಲ್ಲ ಎಂದು ನಕ್ಕುಬಿಟ್ಟರು.

ಅರವತ್ತರ ದಶಕದ ಕೊನೆಯಲ್ಲಿ ಅವರು ಚಿಕ್ಕಬಳ್ಳಾಪುರದಲ್ಲಿ ತೀರಿಕೊಂಡರು. ನಾನಾಗ ನಗರಗೆರೆಯ ಕಡೆ ಡಾಕ್ಟರು. ಹೋಗಿ ನೋಡಿ ಅತ್ತುಬಿಟ್ಟೆ. ಹಿತ್ತಿಲ ಹಗ್ಗದ ಮೇಲೆ ಖಾಕಿ ಪ್ಯಾಂಟೊಂದು ಒಣಗುತ್ತಿತ್ತು, ಅಂಚಿನವರೆಗೂ ಗರಿಗರಿಯಾಗಿ. ಅದನ್ನು ನೋಡಲಾಗಲಿಲ್ಲ.

ಹಿಂದಿರುಗಿದ ಮೇಲೆ, ಬೆಂಗಳೂರಿನಿಂದ ಕಲಿಯಲು ಬಂದಿದ್ದ ಹೊಸ ಹುಡುಗ ಹುಡುಗಿಯರನ್ನು ಕರೆದುಕೊಂಡು ಒಂದು ಮನೆಗೆ ಹೋದೆ. ಮಗುವಿಗೆ ಸೂಜಿ ಹಾಕಿಸಲು ಒಪ್ಪದವರ ಮನೆ, ಬಾಗಿಲು ಮುಚ್ಚಿತ್ತು. ಚಪ್ಪಲಿ ಬಿಟ್ಟೆ, ಸೀರೆಯ ಅಂಚು ಎತ್ತಿಕೊಂಡೆ. ‘ಒಂದ್ ಚೊಂಬು ನೀರು ಕೊಡಮ್ಮ’ ಎಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ತಿರುಗಿ ನೋಡಲಿಲ್ಲ; ಒಳಗೆ ಚಿಲಕ ತೆಗೆಯುತ್ತಿದ್ದರು.