ಲೇಡೀಸ್ ಟಾಯ್ಲೆಟ್ಟಿಗೆ ಬಿದ್ದ ಬೀಗ

ನಮ್ಮ ಕಾಲೇಜಿನ ಹುಡುಗಿಯರ ಪಾಯಿಖಾನೆಯನ್ನು ತೆಂಗಿನಕಾಯಿ ಒಡೆದು ಉದ್ಘಾಟಿಸಿದರು. ಇದನ್ನು ಎಲ್ಲಿ ಹೇಳಿದರೂ ಜನ ನಗುತ್ತಾರೆ. ನಗಲಿ. ಆಡಳಿತ ಮಂಡಳಿಯ ಅಧ್ಯಕ್ಷರ ಹೆಂಡತಿ ರೇಷ್ಮೆ ಸೀರೆಯುಟ್ಟು ಬಂದು ರಿಬ್ಬನ್ ಕತ್ತರಿಸಿದರು. ಗೋಡೆಗೆ ಅಮೃತಶಿಲೆಯ ಫಲಕ, ಅದರ ಮೇಲೆ ಬಂಗಾರದ ಬಣ್ಣದಲ್ಲಿ ಅಧ್ಯಕ್ಷರ ತೀರಿಹೋದ ತಾಯಿಯ ಹೆಸರು. ಯಾವ ಮಗನಿಗಾದರೂ ತಾಯಿಯ ಹೆಸರನ್ನು ಅಲ್ಲಿ ಕೆತ್ತಿಸುವ ಮನಸ್ಸು ಹೇಗೆ ಬರುತ್ತದೋ ನಾನರಿಯೆ. ಹುಡುಗಿಯರೆಲ್ಲ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದೆವು, ಮನಸಾರೆ ತಟ್ಟಿದೆವು. ಪೇಢೆ ಹಂಚಿದರು. ಅದೇ ಸಂಜೆ ಬಾಗಿಲಿಗೆ ದೊಡ್ಡ ಹಿತ್ತಾಳೆ ಬೀಗ ಬಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಮಡಗಾಂವದ ಹೊರಗೆ, ಕೆಂಪು ಕಲ್ಲಿನ ಬೋಳು ಗುಡ್ಡದ ಮೇಲೆ ನಮ್ಮ ಕಾಲೇಜು. ವಿಶ್ವವಿದ್ಯಾಲಯದ ತಪಾಸಣಾ ತಂಡ ಬರಲಿದೆಯೆಂದು ಸುದ್ದಿಯಾದದ್ದೇ ತಡ, ಆಡಳಿತ ಮಂಡಳಿಗೆ 'ಕ್ಯಾಂಪಸ್ ಸುಧಾರಣೆ' ಎಂಬ ಹುಚ್ಚು ಹಿಡಿಯಿತು. ಮೊದಲು ಆನೆ ಹೋಗುವಷ್ಟು ಎತ್ತರದ ಕಮಾನು ಎದ್ದಿತು. ಆಮೇಲೆ ಕಾರಂಜಿ. ಗುಡ್ಡದ ಮೇಲೆ ಕುಡಿಯುವ ನೀರಿಗೇ ತತ್ವಾರ, ಕಾರಂಜಿಗೆ ಎಲ್ಲಿಂದ ತರುತ್ತಾರೆ? ಆ ಒಣ ತೊಟ್ಟಿಯಲ್ಲಿ ಹುಡುಗರು ಬೀಡಿ ತುಂಡು ಎಸೆಯುತ್ತಿದ್ದರು. ಕಟ್ಟಕಡೆಗೆ ಕಟ್ಟಿದ್ದು ಈ ಪಾಯಿಖಾನೆ. ಬಿಳಿ ಟೈಲ್ಸು, ಕನ್ನಡಿ, ತಾರಸಿಯ ಮೇಲೆ ಅದಕ್ಕೆಂದೇ ಬೇರೆ ನೀರಿನ ಟಾಕಿ.

ನಾನು ಸಾವರ್ಡೆಯಿಂದ ರೈಲಿನಲ್ಲಿ ಬರುತ್ತಿದ್ದೆ. ಅಪ್ಪ ಧಾರವಾಡದಿಂದ ಬಂದು ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಕಾಲೇಜಿನಲ್ಲಿ ನನಗೆ ಕನ್ನಡ ಮಾತಾಡಲು ಸಿಕ್ಕವಳು ಒಬ್ಬಳೇ. ಅವಳು ಮಡಗಾಂವದ ಮೋತಿ ಡೊಂಗರ್ ಗುಡ್ಡದ ಕೊಳೆಗೇರಿಯವಳು, ಅವಳ ಅಪ್ಪ ವಿಜಾಪುರದ ಕಡೆಯ ಲಾರಿ ಡ್ರೈವರು. ಮಗಳು ಪದವೀಧರೆಯಾಗಬೇಕು, ಬ್ಯಾಂಕಿನಲ್ಲಿ ಕುರ್ಚಿಯ ಮೇಲೆ ಕೂರಬೇಕು ಎಂಬುದು ಆ ಮನುಷ್ಯನ ಒಂದೇ ಹಟ. ಅವರ ಕೇರಿಯವರು ಇಷ್ಟು ಓದಿಸಿ ಯಾರಿಗೆ ಕೊಡ್ತೀ ಎಂದು ಛೇಡಿಸಿದರೆ, ಆಕೆ ಡಿಗ್ರಿ ಮುಗಿಸಲಿ, ವರನೇ ಅರ್ಜಿ ಹಾಕಿಕೊಂಡು ಬರ್ತಾನೆ ಎಂದು ತಿರುಗಿ ಹೇಳುತ್ತಿದ್ದರಂತೆ.

ಕಾಲೇಜಿನಲ್ಲಿ ಈ ಹೊಸ ಪಾಯಿಖಾನೆಗೂ ಮೊದಲು ಇದ್ದದ್ದು ಸ್ಟಾಫ್ ರೂಮಿನ ಹಿಂದಿನ ಒಂದೇ ಪಾಯಿಖಾನೆ. ಅದು ಅಧ್ಯಾಪಕರಿಗೆ ಮೀಸಲು. ಹುಡುಗರಿಗೆ ಕಾಂಪೌಂಡ್ ಗೋಡೆ ಇತ್ತು. ನಾವು ಹುಡುಗಿಯರು ಗುಡ್ಡದ ಕೆಳಗಿನ ಒಬ್ಬ ಕ್ರಿಶ್ಚಿಯನ್ ಅಜ್ಜಿಯ ಮನೆಗೆ ಇಳಿದು ಹೋಗುತ್ತಿದ್ದೆವು. ಅಜ್ಜಿ ಒಳ್ಳೆಯವಳು, ಎಂದೂ ಬೇಡವೆನ್ನಲಿಲ್ಲ. ಆದರೆ ಹಿತ್ತಲಿನಲ್ಲಿದ್ದದ್ದು ಗೋವೆಯ ಹಳೇ ಪದ್ಧತಿಯ ಕಕ್ಕಸು. ಮೇಲೆ ಕಲ್ಲಿನ ಕಟ್ಟೆ, ಕೆಳಗೆ ಇಳಿಜಾರು ಕಿಂಡಿ, ಕಿಂಡಿಯ ಬಾಯಿಗೆ ಹಂದಿ. ನಾವು ಕೂರುವ ಮೊದಲೇ ಅದು ಗುರುಗುಟ್ಟುತ್ತ ಬಂದು ಮೂತಿ ಎತ್ತಿ ಕಾಯುತ್ತಿತ್ತು. ಮೊದಮೊದಲು ಚೀರಿ ಓಡಿ ಬಂದೆವು, ಕ್ರಮೇಣ ರೂಢಿಯಾಯಿತು. ಡಿಗ್ರಿ ಓದಲು ಬಂದ ನಮಗೆ ಇದೂ ರೂಢಿಯಾಯಿತಲ್ಲ ಎಂದು ಈಗ ಹೇಸಿಗೆಯಾಗುತ್ತದೆ.

ನನ್ನ ಗೆಳತಿ ಅಲ್ಲಿಗೆ ಬಂದದ್ದು ಒಂದೇ ಸಲ. ಹಂದಿಯ ಮೂತಿ ಕಂಡದ್ದೇ ದುಪಟ್ಟಾ ಬಾಯಿಗೆ ಒತ್ತಿಕೊಂಡು ಅಜ್ಜಿಯ ದಾಸವಾಳದ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡಳು. ಮುಸಲ್ಮಾನರ ಹುಡುಗಿ, ಬೇರೇನು ಮಾಡಿಯಾಳು? ಅವಳ ಮನೆಯಲ್ಲೂ ಪಾಯಿಖಾನೆ ಇರಲಿಲ್ಲ, ಹೆಂಗಸರೆಲ್ಲ ಬೆಳಕು ಹರಿಯುವ ಮೊದಲು ಗುಡ್ಡದ ಮರೆಗೆ ಹೋಗಿ ಬರಬೇಕು. ಹೀಗಾಗಿ ಅವಳು ಬೆಳಿಗ್ಗೆಯಿಂದ ಕತ್ತಲಾಗುವ ತನಕ ಹನಿ ನೀರು ಕುಡಿಯುತ್ತಿರಲಿಲ್ಲ. ನಿನಗೆ ವರ್ಷಪೂರ್ತಿ ರೋಜಾ ಎಂದು ನಾನು ಚಾಷ್ಟಿ ಮಾಡುತ್ತಿದ್ದೆ, ಅವಳೂ ನಗುತ್ತಿದ್ದಳು. ಹೊಸ ಪಾಯಿಖಾನೆಯ ಗೋಡೆ ಏಳುವಾಗ ದಿನಾ ಹೋಗಿ ನೋಡಿ ಬರುತ್ತಿದ್ದವಳೂ ಅವಳೇ.

ಬೀಗ ಬಿದ್ದ ಮೇಲೆ ನಾವಿಬ್ಬರೂ ಪ್ರಾಂಶುಪಾಲರ ಕೋಣೆಗೆ ಹೋದೆವು. ಗಂಡಸಿನ ಎದುರು ಈ ಮಾತು ಎತ್ತಲು ನಾಲಿಗೆ ಏಳುತ್ತಿರಲಿಲ್ಲ, ಆದರೂ ಎತ್ತಿದೆವು. ತಪಾಸಣೆ ಆಗುವ ತನಕ ತೆಗೆಯುವುದಿಲ್ಲ, ಹುಡುಗಿಯರು ಹೊಲಸು ಮಾಡಿಬಿಡುತ್ತೀರಿ ಎಂದರು. ತಪಾಸಣೆ ಆದ ಮೇಲೆ? ಗುಡಿಸಿ ತೊಳೆಯುವವರ ಹುದ್ದೆಗೆ ಆಡಳಿತ ಮಂಡಳಿ ಒಪ್ಪಬೇಕಂತೆ. ಕಾರಂಜಿಗೆ ಒಪ್ಪಿದ ಮಂಡಳಿಗೆ ಒಬ್ಬ ಆಯಾ ದುಬಾರಿಯಾಗಿದ್ದಳು. ಪ್ರಾಂಶುಪಾಲರ ಮೇಜಿನ ಮೇಲೆ, ಪೇಪರ್‌ವೇಟಿನ ಪಕ್ಕದಲ್ಲೇ, ಕೆಂಪು ದಾರ ಕಟ್ಟಿದ ಆ ಬೀಗದಕೈ ಬಿದ್ದಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಗೆಳತಿಗೆ ಜ್ವರ ಶುರುವಾಯಿತು. ಮೂತ್ರಕ್ಕೆ ಹೋದರೆ ಉರಿ, ಒಮ್ಮೊಮ್ಮೆ ರಕ್ತ. ಡಾಕ್ಟರು ಗುಳಿಗೆ ಕೊಟ್ಟು, ನೀರು ಚೆನ್ನಾಗಿ ಕುಡಿ, ಬಂದದ್ದನ್ನು ತಡೆಯಬೇಡ, ಇಲ್ಲದಿದ್ದರೆ ಮೂತ್ರಪಿಂಡಕ್ಕೇ ಕುತ್ತು ಎಂದರಂತೆ. ನೀರು ಕುಡಿದರೆ ಕಾಲೇಜಿಗೆ ಬರುವಂತಿಲ್ಲ, ಕಾಲೇಜಿಗೆ ಬಂದರೆ ನೀರು ಕುಡಿಯುವಂತಿಲ್ಲ. ಅವಳು ಓದು ಮುಂದುವರಿಸುವುದೋ ಬಿಡುವುದೋ ಎಂಬುದು ಈಗ ಆ ಬೀಗದಕೈಯ ಮೇಲೆ ನಿಂತಿತ್ತು.

ತಪಾಸಣೆಯ ದಿನ ಬಾಡಿಗೆಗೆ ತಂದ ಹೂಕುಂಡಗಳು ಕಮಾನಿನಿಂದ ಆಫೀಸಿನವರೆಗೆ ಸಾಲುಗಟ್ಟಿದವು. ಟ್ಯಾಂಕರಿನ ನೀರಿಗೆ ಕಾರಂಜಿಯೂ ಚಿಮ್ಮಿತು. ತಂಡದಲ್ಲಿ ಒಬ್ಬರು ಧಾರವಾಡದ ಕಡೆಯ ಪ್ರೊಫೆಸರು ಎಂದು ತಿಳಿದು, ಅವರಿಗೆ ಹೂಗುಚ್ಛ ಕೊಡಲು ನನ್ನನ್ನು ಆರಿಸಿದ್ದರು. ಪಾಯಿಖಾನೆಯ ಬೀಗ ತೆಗೆದಿದ್ದರು. ಆದರೆ ಬಾಗಿಲಲ್ಲಿ ಒಬ್ಬ ಜವಾನ ಸ್ಟೂಲು ಹಾಕಿಕೊಂಡು ಕೂತಿದ್ದ, ವಿದ್ಯಾರ್ಥಿನಿಯರು ಒಳಗೆ ಹೋಗದಂತೆ ನೋಡಿಕೊಳ್ಳಲು. ಬೀಗ ತೆಗೆಯುತ್ತಾರೆಂದು ಕೇಳಿ ಗೆಳತಿ ಅಂದು ಜ್ವರದಲ್ಲೇ ಬಂದಿದ್ದಳು. ಡಾಕ್ಟರು ಹೇಳಿದಂತೆ ನೀರನ್ನೂ ಕುಡಿದು ಬಂದಿದ್ದಳು. ಅತಿಥಿಗಳು ಹೋಗಲಿ, ಆಮೇಲೆ ನೋಡೋಣ ಎಂದು ಜವಾನ ಅವಳನ್ನು ಲೈಬ್ರರಿಯ ಮೆಟ್ಟಿಲಿಗೆ ಕಳಿಸಿದ.

ಪ್ರೊಫೆಸರು ಹೂಗುಚ್ಛ ಇಸಿದುಕೊಂಡು, ನನ್ನ ಊರು ಕೇಳಿ, ಕನ್ನಡದಲ್ಲೇ ಕಾಲೇಜು ಹೇಗಿದೆ, ಖರೇ ಹೇಳು ಎಂದರು. ಪಕ್ಕದಲ್ಲಿ ಪ್ರಾಂಶುಪಾಲರು ಮಾತು ಅರ್ಥವಾಗದೆ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಎನಿಸಿತು.

"ಸರ್, ಖರೇ ಹೇಳ್ತೀನ್ರಿ. ಹೆಣ್ಣುಮಕ್ಕಳ ಸಂಡಾಸಕ್ಕ ಕಟ್ಟಿದಾಗಿಂದ ಕೀಲಿ ಹಾಕ್ಯಾರ್ರಿ. ಇವತ್ತ ನಿಮ್ಮ ಸಲುವಾಗಿ ತಗದಾರ. ನನ್ನ ಗೆಳತಿ ದಿನಾ ನೀರ ಕುಡೀದ ಕುಂತು ಜಡ್ಡ ಬಿದ್ದಾಳ್ರಿ. ನಮಗ ಬ್ಯಾರೆ ಏನೂ ಬ್ಯಾಡ್ರಿ, ಆ ಕೀಲಿ ಒಂದ ತಗಸಿ ಕೊಡ್ರಿ."

"ಹೌದಾ? ನಾ ನೋಡ್ತೀನಿ ತಂಗಿ. ಚಿಂತಿ ಮಾಡಬ್ಯಾಡ."

ನನಗೆ ಕಣ್ಣು ತುಂಬಿ ಬಂತು. ನಮ್ಮ ಕಡೆಯವರು, ನಮ್ಮ ಮಾತಿನವರು ಎಂದು ಎದೆ ಉಬ್ಬಿತು. ಅವರು ಮೀನಿನ ಊಟ ಮುಗಿಸಿ, ಹೇಳಿದ ಮಾತಿನಂತೆ ನೋಡಲು ಹೋದದ್ದೂ ನಿಜ. ಜವಾನ ಸ್ಟೂಲು ಬಿಟ್ಟೆದ್ದು ಸಲಾಮು ಹೊಡೆದ. ಅವರು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಆರಾಮಾಗಿ ಎಲ್ಲ ಮುಗಿಸಿ, ಕರವಸ್ತ್ರದಲ್ಲಿ ಕೈ ಒರೆಸುತ್ತ ಹೊರಗೆ ಬಂದರು. ನನ್ನನ್ನು ಕಂಡು ನಿಂತರು.

"ಏನ್ ತಂಗಿ, ಅಗದೀ ಸ್ವಚ್ಛ ಇಟ್ಟಾರಲ್ಲ. ಇಷ್ಟ ಚಲೋ ನಮ್ಮ ಮನ್ಯಾಗೂ ಇಲ್ಲ. ಸುಮ್ಮಸುಮ್ಮನ ದೂರ ಹೇಳಬಾರ್ದು."

ಯಾರೂ ಉಣ್ಣದ ತಾಟು ಸ್ವಚ್ಛವಾಗಿರದೆ ಇನ್ನೇನಾದೀತು? ಇಷ್ಟು ಓದಿದವನಿಗೆ ಅಷ್ಟು ತಿಳಿಯದೆ? ತಿಳಿದಿತ್ತು. ಹೊಟ್ಟೆ ತುಂಬಿತ್ತು, ಕಾರು ಕಾಯುತ್ತಿತ್ತು, ಅಷ್ಟೇ. ಅವರ ಕೈಯ ಸೋಪಿನ ವಾಸನೆ ನನ್ನ ಮೂಗಿಗೆ ಬಡಿಯಿತು. ಇವತ್ತಿಗೂ ಆ ಜಾತಿಯ ಸೋಪನ್ನು ನಾನು ಮನೆಗೆ ತರುವುದಿಲ್ಲ.

ಕಾರು ಕಮಾನು ದಾಟಿದ್ದೇ ಜವಾನ ಬೀಗ ಜಡಿದ. ನಾನು ಅವನಿಗೆ ಕೈಮುಗಿದೆ. ತನ್ನ ಕೈಯಲ್ಲಿ ಏನಿದೆ, ಸಾಹೇಬರನ್ನು ಕೇಳು ಎಂದ. ಸಾಹೇಬರನ್ನು ಕೇಳಲು ಓಡಿದೆ. ನಾನು ಬರಿಗೈಯಲ್ಲಿ ವಾಪಸು ಬರುವಷ್ಟರಲ್ಲಿ ಲೈಬ್ರರಿಯ ಮುಂದೆ ಹುಡುಗರು ಗುಂಪುಗೂಡಿದ್ದರು. ಗೆಳತಿ ಮೆಟ್ಟಿಲ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದಳು. ಸಲ್ವಾರು ತೊಯ್ದು, ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದಿತ್ತು. ಯಾರೋ ಸಿಳ್ಳೆ ಹಾಕಿದರು. ನಾನು ನನ್ನ ದುಪಟ್ಟಾ ಅವಳ ಸೊಂಟಕ್ಕೆ ಸುತ್ತಿ ಎಬ್ಬಿಸಿದೆ. ಆಫೀಸಿನಿಂದ ಸೂಪರಿಂಟೆಂಡೆಂಟರು ಮೂಗು ಮುಚ್ಚಿಕೊಂಡು ಬಂದು, ಮೊದಲು ಮೆಟ್ಟಿಲು ತೊಳೆಯಿರಿ ಎಂದು ಕೂಗಿದರು. ಆಗ ಜವಾನ ಹೋಗಿ ಬೀಗ ತೆಗೆದ. ಒಳಗಿಂದ ಒಂದು ಬಕೆಟ್ ನೀರು, ಫಿನೈಲು ತಂದು ಮೆಟ್ಟಿಲಿಗೆ ಸುರಿದ. ಮತ್ತೆ ಹೋಗಿ ಬೀಗ ಹಾಕಿದ.

ಅವಳು ಆಮೇಲೆ ಕಾಲೇಜಿಗೆ ಬರಲಿಲ್ಲ. ಟಿ.ಸಿ. ಒಯ್ಯಲು ಅವಳ ಅಪ್ಪ ಬಂದರು, ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು. ಯಾಕೆ ಬಿಡಿಸುತ್ತೀ ಎಂದು ಪ್ರಾಂಶುಪಾಲರು ಕೇಳಿದರಂತೆ. ಮಗಳ ಮಾನದ ಮಾತು, ನಾಲ್ಕು ಜನರೆದುರು ಹೇಗೆ ಹೇಳಿಯಾರು? ಮನೆಯಲ್ಲಿ ಅಡಚಣೆ ಎಂದು ತಲೆ ತಗ್ಗಿಸಿದರಂತೆ. ಕಮಾನಿನ ಹತ್ತಿರ ನನ್ನನ್ನು ಕಂಡು ನಿಂತರು.

"ಆಕಿ ಬ್ಯಾಂಕಿನ್ಯಾಗ ಕುಂತದ್ದ ನೋಡಬೇಕಂತಿದ್ನೆವಾ," ಎಂದರು. "ನೀ ಆದ್ರೂ ಬಿಡಬ್ಯಾಡ."

ವರ್ಷದ ಕೊನೆಗೆ ಗ್ಯಾದರಿಂಗ್, ಅಂದರೆ ಕಾಲೇಜಿನ ವಾರ್ಷಿಕೋತ್ಸವ, ನಡೆಯಿತು. ಅಧ್ಯಕ್ಷರು, ಅವರ ಹೆಂಡತಿ ವೇದಿಕೆಯ ಮೇಲೆ ಕೂತಿದ್ದರು. ಪ್ರಾಂಶುಪಾಲರು ತಪಾಸಣಾ ತಂಡದ ವರದಿಯನ್ನು ಇಂಗ್ಲಿಷಿನಲ್ಲಿ ಓದಿದರು. ವಿದ್ಯಾರ್ಥಿನಿಯರಿಗೆ ಇಷ್ಟು ಸ್ವಚ್ಛ ಸೌಕರ್ಯವನ್ನು ಬೇರೆ ಕಾಲೇಜಿನಲ್ಲಿ ಕಂಡಿಲ್ಲವೆಂದು ಬರೆದಿದ್ದರಂತೆ. ಚಪ್ಪಾಳೆ ಬಿತ್ತು. ಅದೇ ಉಸಿರಿನಲ್ಲಿ ಅವರು, ನಾವು ಎಷ್ಟೇ ಅನುಕೂಲ ಮಾಡಿಕೊಟ್ಟರೂ ಕೂಲಿ ಜನರಿಗೆ, ಅದರಲ್ಲೂ ಹೊರಗಿನಿಂದ ಬಂದ ಕೆಲವರಿಗೆ, ಹೆಣ್ಣುಮಕ್ಕಳನ್ನು ಓದಿಸಬೇಕೆಂಬ ಆಸೆಯೇ ಇಲ್ಲ, ನಡುವೆಯೇ ಬಿಡಿಸಿ ಒಯ್ಯುತ್ತಾರೆ ಎಂದು ವಿಷಾದಪಟ್ಟರು. ಅಧ್ಯಕ್ಷರು ಹೌದೆಂದು ತಲೆಯಾಡಿಸಿದರು. ಆ ಕ್ಷಣ ನನಗೆ ಆ ವೇದಿಕೆ, ಆ ಹಾರಗಳು, ಇಸ್ತ್ರಿ ಮಾಡಿದ ಆ ಮುಖಗಳು ಎಲ್ಲದರ ಮೇಲೆ ಉಗುಳಬೇಕೆನಿಸಿತು. ಅಜ್ಜಿಯ ಹಿತ್ತಲಿನ ಹಂದಿ ಇವರಿಗಿಂತ ಎಷ್ಟೋ ಮೇಲು.

ಭಾಷಣ ಮುಗಿದ ಮೇಲೆ ಅಧ್ಯಕ್ಷರ ಲೆಕ್ಕದಲ್ಲಿ ಎಲ್ಲರಿಗೂ ಕೋಕಂ ಶರಬತ್ತು ಬಂತು. ಹುಡುಗರು ಎರಡೆರಡು ಗ್ಲಾಸು ಇಳಿಸಿದರು. ಹುಡುಗಿಯರ ಸಾಲಿಗೆ ಬಂದ ತಟ್ಟೆ ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಸಾಗಿ, ಇಟ್ಟ ಗ್ಲಾಸುಗಳು ಇಟ್ಟ ಹಾಗೆಯೇ ವಾಪಸು ಹೋಯಿತು. ಸೆಕೆ ಭಯಂಕರವಿತ್ತು, ಸಂಜೆಯ ರೈಲಿಗೆ ಇನ್ನೂ ಬಹಳ ಹೊತ್ತಿತ್ತು.