ಮಾಂಸದ ಕಾರ್ಖಾನೆಯ ಅರೆಮೇಷ್ಟ್ರು

ಮೊದಲ ದಿನದ ಪಾಠಕ್ಕೆಂದು ಮೇಷ್ಟ್ರು ಬಾಗಿಲು ತಳ್ಳಿ ಒಳಗೆ ಕಾಲಿಡುವಷ್ಟರಲ್ಲಿ ಒಬ್ಬನ ಮೂಗು ಒಡೆದಾಗಿತ್ತು.

ಅದು ಶಾಲೆಯಲ್ಲ, ಮಾಂಸದ ಕಾರ್ಖಾನೆಯ ಕೆಲಸಗಾರರು ಬಟ್ಟೆ ಬದಲಿಸುವ ಕೋಣೆ. ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳು, ಮೊಳೆಗೆ ನೇತು ಹಾಕಿದ ರಬ್ಬರ್ ಏಪ್ರನ್ನುಗಳು, ನೆಲದ ತುಂಬ ಬ್ಲೀಚಿಂಗ್ ಪುಡಿಯ ನೀರು. ಪುಡಿ ಎಷ್ಟು ಸುರಿದರೂ ರಕ್ತದ ವಾಸನೆ ಮಾತ್ರ ಕರೆಯದೆ ಬಂದ ನೆಂಟನ ಹಾಗೆ ಅಲ್ಲೇ ಠಿಕಾಣಿ ಹೂಡಿತ್ತು. ಬೆಂಚಿನ ಆ ಕಡೆ ಕುರಿ ಸುಲಿಯುವವರು, ಈ ಕಡೆ ಮೂಳೆ ಕೊಯ್ಯುವವರು. ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಅವತ್ತು ಸುಲಿಯುವವನೊಬ್ಬ ತನ್ನ ಒದ್ದೆ ಪ್ಯಾಂಟನ್ನು ಕೊಯ್ಯುವವನೊಬ್ಬನ ಮೊಳೆಗೆ ನೇತು ಹಾಕಿದ್ದ. ಅಷ್ಟಕ್ಕೇ ಗಮ್ ಬೂಟು ಹಾರಿತ್ತು, ಮೂಗು ಒಡೆದಿತ್ತು. ಈಗ ಅಷ್ಟೂ ಜನ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದು, ತಮ್ಮ ತಮ್ಮ ಭಾಷೆಯಲ್ಲಿ ಒಬ್ಬರ ತಾಯಂದಿರನ್ನು ಇನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು.

ಬೇರೆ ಮೇಷ್ಟ್ರಾಗಿದ್ದರೆ ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗುತ್ತಿದ್ದರು. ಇವರು ಬೆಂಚೊಂದನ್ನು ಎತ್ತಿ ಬೀರುವಿಗೆ ಬಡಿದರು. ಬೀರು ತಗ್ಗಾಯಿತು.

"ಸಿಟ್ ಡೌನ್!"

ಆ ಮಾತು ಯಾರಿಗೂ ಅರ್ಥವಾಗಲಿಲ್ಲ. ಬೆಂಚು ಅರ್ಥವಾಯಿತು. ಎಲ್ಲರೂ ಕೂತರು.

ಆಗ ಮೇಷ್ಟ್ರಿಗೆ ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲ, ಬಿ.ಎ. ಕೂಡ ಮುಗಿದಿರಲಿಲ್ಲ. ಕೊನೇ ವರ್ಷದ ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಿದ್ದೀಯ ಎಂದು ಮೇಲ್ವಿಚಾರಕ ಇವರ ಉತ್ತರಪತ್ರಿಕೆ ಕಿತ್ತುಕೊಂಡಿದ್ದ. ಇವರು ಕಾಪಿ ಹೊಡೆದಿರಲಿಲ್ಲ. ಆಮೇಲೆ ಹೊಡೆದರು, ಆ ಮೇಲ್ವಿಚಾರಕನನ್ನು, ಡೆಸ್ಕಿನ ಹಲಗೆ ಕಿತ್ತು. ಕಾಲೇಜಿನವರು ಹೊರಗೆ ಹಾಕಿದರು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೇನೋ ಎಂದು ತಾಯಿ ಅತ್ತಳು. ಆಗ ಪರದೇಶದಿಂದ ಫೋನು ಮಾಡಿದವರು ಭಾವ, ಅಕ್ಕನ ಗಂಡ. ಅವರು ಇದೇ ಕಾರ್ಖಾನೆಯ ಲಾರಿ ಓಡಿಸುತ್ತಿದ್ದರು.

"ಇಲ್ಲಿ ಕೆಲಸದವ್ರಿಗೆ ಇಂಗ್ಲಿಷ್ ಹೇಳ್ಕೊಡೋಕೆ ಜನ ಬೇಕಂತೆ. ಕಳಿಸ್ಕೊಡಿ ಅತ್ತೆ. ಡಿಗ್ರಿ ಪೋಸ್ಟಲ್ಲಿ ಬರ್ತಾ ಇದೆ ಅಂತ ಮ್ಯಾನೇಜರಿಗೆ ಹೇಳಿದೀನಿ."

"ಮಾಡದೇ ಇರೋ ಡಿಗ್ರಿ ಹೇಗಪ್ಪಾ ಬರುತ್ತೆ?"

"ಪೋಸ್ಟಿನವ್ರು ಎಷ್ಟೋ ಕಳೀತಾರೆ. ಇದೂ ಒಂದು ಕಳೀತು ಅನ್ಕೊಳ್ಳಿ."

ಹೀಗೆ ಮೇಷ್ಟ್ರು ಕಡಲು ದಾಟಿದರು. ಹಾಳೂರಿಗೆ ಉಳಿದವನೇ ಗೌಡ. ಭಾವ ಇಟ್ಟ ಹೆಸರು ಅರೆಮೇಷ್ಟ್ರು.

ಮ್ಯಾನೇಜರು ದಡ್ಡನಲ್ಲ. ಡಿಗ್ರಿ ಬರುವುದಿಲ್ಲ ಎಂದು ಮೊದಲ ತಿಂಗಳಲ್ಲೇ ಅವನಿಗೆ ಗೊತ್ತಾಯಿತು. ಗೊತ್ತಾದರೂ ಇಟ್ಟುಕೊಂಡ. ಡಿಗ್ರಿ ಇದ್ದವನು ಎದುರು ಮಾತಾಡುತ್ತಾನೆ, ಇಲ್ಲದವನ ಜುಟ್ಟು ಕೈಯಲ್ಲಿರುತ್ತದೆ ಎಂಬುದು ಅವನ ಲೆಕ್ಕಾಚಾರ. ಮೇಷ್ಟ್ರನ್ನು ಕೋಣೆಗೆ ಕರೆದು ಪಾಠ ಹೇಗಿರಬೇಕು ಎಂದು ಅವನೇ ಪಾಠ ಮಾಡಿದ.

"ಮೊದಲು ಯಸ್ ಸರ್ ಕಲಿಸು. ಆಗಲ್ಲ ಅನ್ನೋದನ್ನ ಈ ನನ್ಮಕ್ಕಳು ಅಮ್ಮನ ಹೊಟ್ಟೇಲೇ ಕಲ್ತು ಬಂದಿರ್ತಾರೆ. ಅದನ್ನ ನೀನು ಬೇರೆ ಇಂಗ್ಲಿಷಲ್ಲಿ ಕಲಿಸ್ಬೇಡ."

"ಸರ್, ಮೆಷಿನ್ ಹತ್ರ ಬೇಕಾಗೋ ಮಾತುಗಳು?"

"ಅದನ್ನ ಮೆಷಿನ್ನೇ ಕಲಿಸುತ್ತೆ. ನಿನ್ ಡಿಗ್ರಿ ಎಲ್ಲೀವರೆಗೆ ಬಂತು?"

ಮೇಷ್ಟ್ರು ತಲೆ ತಗ್ಗಿಸಿ ಹೊರಗೆ ಬಂದರು. ಆ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ, ತರಗತಿಯಲ್ಲಿ ಇಳಿಸಿದರು. ಹೋಸ್ ಪೈಪಿನ ಒಂದು ತುಂಡು ಕೈಗೆ ಬಂತು. ಮೇಷ್ಟ್ರು ಇಂಗ್ಲಿಷಿನಲ್ಲಿ ಏನಾದರೊಂದು ಕೇಳುವುದು, ಪೈಪು ಬೆಂಚಿನ ಮೇಲೆ ಬೀಳುವುದರೊಳಗೆ ಎಲ್ಲರೂ ಒಟ್ಟಿಗೆ ಯಸ್ ಸರ್ ಎನ್ನುವುದು. ತಡವಾದವನ ತೊಡೆಯ ಮೇಲೆ ಬರೆ. ಕುರಿಯ ಎದೆಗೂಡನ್ನು ಎರಡು ಕೈಯಲ್ಲಿ ಸೀಳುವ ಗಂಡಸರು, ಮೀಸೆ ಬಲಿಯದ ಹುಡುಗನ ಪೈಪಿಗೆ ಹೆದರಿ ಎದ್ದು ನಿಲ್ಲುತ್ತಿದ್ದರು. ಹೆದರಿದ್ದು ಪೈಪಿಗಲ್ಲ. ಪಾಠದಲ್ಲಿ ಫೇಲಾದರೆ ಮ್ಯಾನೇಜರು ಊರಿಗಟ್ಟುತ್ತಾನೆ ಎಂಬ ಮಾತಿಗೆ.

ಅವರಲ್ಲಿ ಸದಾ ಹಿಂದೆ ಬೀಳುತ್ತಿದ್ದವನು ಮೂಳೆ ಕೊಯ್ಯುವ ಮೌನಿ. ಕೇಳಿದ್ದನ್ನು ಒಳಗೆ ತೂಗಿ, ಅಳೆದು, ಆಮೇಲೆ ಬಾಯಿ ಬಿಡುವ ಸ್ವಭಾವ ಅವನದು. ಪಕ್ಕದಲ್ಲೇ ಅವನ ಅಣ್ಣ ಕೂರುತ್ತಿದ್ದ. ಕುತ್ತಿಗೆ ನೋಡಿ ಎಲ್ಲರೂ ಅವನನ್ನು ಗೂಳಿ ಎನ್ನುತ್ತಿದ್ದರು. ಒಂದು ದಿನ ಎಲ್ಲರ ಯಸ್ ಸರ್ ಮುಗಿದು ಕೋಣೆ ತಣ್ಣಗಾದ ಮೇಲೆ ಮೌನಿಯ ಯಸ್ ಸರ್ ಒಂಟಿಯಾಗಿ ಬಂತು. ಸುಲಿಯುವವರು ಗೊಳ್ಳೆಂದರು. ಮೇಷ್ಟ್ರು ಪೈಪು ಬಿಸಾಕಿ ಕೈಯಿಂದಲೇ ಮೌನಿಯ ಕೆನ್ನೆಗೆ ಬಾರಿಸಿದರು. ಒಂದಲ್ಲ. ಅವನ ಬಾಯಿಂದ ಮಾತು ಪಟ್ಟನೆ ಬರುವವರೆಗೆ ಎಡಕ್ಕೊಂದು ಬಲಕ್ಕೊಂದು. ತುಟಿ ಸೀಳಿತು. ಗೂಳಿ ಎದ್ದ, ಅವನ ಕುತ್ತಿಗೆ ಉಬ್ಬಿತು, ಯಾಕೋ ಮತ್ತೆ ಕೂತ.

ಅವತ್ತಿನಿಂದ ಮೌನಿಯೇ ಎಲ್ಲರಿಗಿಂತ ಮುಂದೆ. ಪ್ರಶ್ನೆ ಮುಗಿಯುವ ಮೊದಲೇ ಅವನ ಉತ್ತರ ಬಂದಿರುತ್ತಿತ್ತು. ಮ್ಯಾನೇಜರು ಬಂದು ನೋಡಿ ಚಪ್ಪಾಳೆ ತಟ್ಟಿದ.

ಮೂಳೆ ಕೊಯ್ಯುವ ಗರಗಸ ಆಳೆತ್ತರದ್ದು. ಅದರ ಹಲ್ಲಿಗೆ ಮೂಳೆ ಸಿಕ್ಕಿಕೊಂಡರೆ ಕರೆಂಟು ಆರಿಸಿ, ಒಬ್ಬ ಕೈ ಹಾಕಿ ತೆಗೆಯಬೇಕು. ಸ್ವಿಚ್ಚು ಕೋಣೆಯ ಇನ್ನೊಂದು ಮೂಲೆಯಲ್ಲಿ ಫೋರ್ಮನ್ನನ ಬಳಿ ಇತ್ತು. ನಡುವೆ ಕೊಕ್ಕೆಗೆ ತೂಗಿದ ಕುರಿಗಳ ಸಾಲು, ಆ ಕಡೆಯವನಿಗೆ ಈ ಕಡೆಯವನು ಕಾಣುವುದಿಲ್ಲ. ಒಂದು ದಿನ ಹೀಗೇ ಮೂಳೆ ಸಿಕ್ಕಿಕೊಂಡು ಮೌನಿಯ ಕೈ ಗರಗಸದೊಳಗಿತ್ತು. ಫೋರ್ಮನ್ನು ಅಲ್ಲಿಂದ ಇಂಗ್ಲಿಷಿನಲ್ಲಿ ಕೂಗಿ ಕೇಳಿದ: ಕೈ ತೆಗೆದೆಯಾ? ಶುರು ಮಾಡಲಾ?

"ಯಸ್ ಸರ್!" ಎಂದ ಮೌನಿ, ಪಟ್ಟನೆ.

ಗರಗಸಕ್ಕೆ ಕುರಿ ಯಾವುದು, ಮನುಷ್ಯ ಯಾವುದು? ಮೂರು ಬೆರಳು ಹೋದವು. ಕೊಕ್ಕೆಯಲ್ಲಿದ್ದ ಬಿಳೀ ಕುರಿಗಳ ಮೇಲೆಲ್ಲ ಕೆಂಪು ಚಿಮ್ಮಿತು. ಮೌನಿ ಕಿರುಚಲೂ ಇಲ್ಲ. ತನ್ನ ಕೈಯನ್ನು ತಾನೇ ಬೇರೆ ಯಾರದೋ ಎಂಬಂತೆ ನೋಡುತ್ತ ಕುಸಿದು ಕೂತ. ಕಿರುಚಿದವನು ಗೂಳಿ.

ಸುದ್ದಿ ತಿಳಿದು ಮೇಷ್ಟ್ರು ಆಸ್ಪತ್ರೆಗೆ ಓಡಿದರು. ಗೇಟಿನಲ್ಲೇ ಗೂಳಿ ಸಿಕ್ಕ. ಮಾತಿಲ್ಲ ಕತೆಯಿಲ್ಲ, ಮೊದಲ ಏಟಿಗೇ ಮೇಷ್ಟ್ರು ಸೈಕಲ್ಲುಗಳ ಮೇಲೆ ಬಿದ್ದರು. ಬಿದ್ದವರು ಸುಮ್ಮನಿರುವ ಕುಳವಲ್ಲ. ಎದ್ದು ಗೂಳಿಯ ಹೊಟ್ಟೆಗೆ ತಲೆ ಹಾಕಿ ಗುದ್ದಿದರು, ಕಿವಿ ಹಿಡಿದು ತಿರುಚಿದರು. ಇಬ್ಬರೂ ಮಣ್ಣಿನಲ್ಲಿ ಹೊರಳಾಡಿದರು. ಗೂಳಿ ಮೇಲೆ ಬಂದು ಎದೆಯ ಮೇಲೆ ಮೊಣಕಾಲೂರಿ, ಕೆಲಸಗಾರರ ನಡುವೆ ಓಡಾಡುವ ಹರಕು ಹಿಂದಿಯಲ್ಲಿ ಅರಚಿದ.

"ಏನಂತ ಕೇಳಿದ್ರು ಅಂತ ಅವನಿಗೆ ಗೊತ್ತಿಲ್ಲ ಕಣೋ! ಕೆನ್ನೆಗೆ ಬೀಳುತ್ತೆ ಅಂತ ಯಸ್ ಅಂದ. ನಿನ್ ಕೈಗೆ ಹೆದರಿ ತನ್ ಕೈ ಕೊಟ್ಟ!"

ಎತ್ತಿದ್ದ ಮೇಷ್ಟ್ರ ಕೈ ಕೆಳಗೆ ಬಿತ್ತು. ಆಮೇಲೆ ಗೂಳಿ ಹೊಡೆದಷ್ಟನ್ನೂ ಹೊಡೆಸಿಕೊಂಡರು. ಹೊಡೆದು ಹೊಡೆದು ಗೂಳಿಗೇ ಸುಸ್ತಾಗಿ, ಪಕ್ಕದಲ್ಲೇ ಮಣ್ಣಿನಲ್ಲಿ ಕೂತು ಏದುಸಿರು ಬಿಡುತ್ತ ಹೇಳಿದ:

"ತಪ್ಪು ಇವನದೇ ಅಂತ ಕಂಪನಿಯವರು ಅಂತಾರೆ. ಫೋರ್ಮನ್ ಕೇಳಿದ, ಇವನು ಹೂಂ ಅಂದ ಅಂತೆ. ಬ್ಯಾಂಡೇಜ್ ಕಟ್ಟಿ ಊರಿಗೆ ಕಳಿಸ್ತಾರಂತೆ. ಉಳಿದ ಎರಡು ಬೆರಳಿಗೆ ಇನ್ನೊಂದು ಆಪರೇಷನ್ ಆಗದಿದ್ರೆ ಇಡೀ ಕೈ ಕೊಳೆಯುತ್ತೆ ಅಂದ್ರು ಡಾಕ್ಟ್ರು. ಊರಲ್ಲಿ ಯಾರು ಮಾಡ್ತಾರೆ ನಮಗೆ?"

ಸರಕಾರದ ಅಧಿಕಾರಿಯೊಬ್ಬರು ವಿಚಾರಣೆಗೆ ಬರುವವರಿದ್ದರು. ಹಿಂದಿನ ದಿನ ಮ್ಯಾನೇಜರು ಮೇಷ್ಟ್ರಿಗೆ ಹೇಳಿಕೊಟ್ಟದ್ದು ಇಷ್ಟೇ: "ಅವನು ಕಲ್ತಿದ್ದ, ಅವನಿಗೆ ಅರ್ಥ ಆಗ್ತಿತ್ತು ಅನ್ನು. ನೀನು ಬೇರೆ ಬಾಯಿ ಬಿಟ್ರೆ ನಾನೂ ಬಿಡ್ತೀನಿ. ಸುಳ್ಳು ಹೇಳಿ ಬಂದವನಿಗೆ ಇಲ್ಲಿ ಜೈಲು, ಆಮೇಲೆ ವಿಮಾನ."

ಮನೆಯಲ್ಲಿ ಭಾವ ಕೈ ಮುಗಿದರು. "ಬಾಯಿ ಬಿಟ್ರೆ ಬಣ್ಣಗೇಡು ಮಾರಾಯ. ನಿನ್ ಜೊತೆ ನನ್ ಲಾರೀನೂ ಹೋಗುತ್ತೆ. ಒಂದು ಸಲ, ಒಂದೇ ಒಂದು ಸಲ, ನಿನ್ ಸಿಟ್ಟನ್ನ ಜೇಬಲ್ಲಿಟ್ಕೊ."

"ಅವನು ಯಾವತ್ತು ಇಟ್ಕೊಂಡಿದಾನೆ?" ಎಂದಳು ಅಕ್ಕ, ಒಲೆಯ ಮುಂದಿನಿಂದ. "ಅವನ ಜೇಬೆಲ್ಲಾ ಬರೀ ತೂತು."

ಅಧಿಕಾರಿ ವಯಸ್ಸಾದ ಹೆಂಗಸು, ಕೊಡೆ ಊರಿಕೊಂಡು ಬಂದರು. ಅದೇ ಬಟ್ಟೆ ಬದಲಿಸುವ ಕೋಣೆ. ಕೆಲಸಗಾರರೆಲ್ಲ ಬೆಂಚುಗಳ ಮೇಲೆ, ಮ್ಯಾನೇಜರು ಬೀರುವಿಗೊರಗಿ. ಮೇಷ್ಟ್ರ ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದು ಕಣ್ಣು ಬೆಂಚಿನಲ್ಲಿ ಖಾಲಿಯಿದ್ದ ಒಂದು ಜಾಗವನ್ನೇ ನೋಡುತ್ತಿತ್ತು.

"ಬೆರಳು ಕಳಕೊಂಡವನಿಗೆ ಇಂಗ್ಲಿಷ್ ಅರ್ಥವಾಗುತ್ತಿತ್ತೇ?" ಎಂದು ಅಧಿಕಾರಿ ಕೇಳಿದರು.

"ಎಲ್ಲರಿಗೂ ಆಗುವಷ್ಟು ಆಗ್ತಿತ್ತು," ಎಂದರು ಮೇಷ್ಟ್ರು. ಮ್ಯಾನೇಜರು ಮುಗುಳ್ನಕ್ಕ. ಮೇಷ್ಟ್ರು ಮಾತು ಮುಂದುವರಿಸಿದರು: "ಎಷ್ಟು ಅಂತ ನೀವೇ ನೋಡಿ ಮೇಡಂ."

ಬೆಂಚುಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಗದರಿದರು. ನಿಮ್ಮ ತಲೆಯೊಳಗೆ ಸಗಣಿ ಇದೆಯೇ?

"ಯಸ್ ಸರ್!" ಇಡೀ ಕೋಣೆ ಕೂಗಿತು.

ಈ ಮ್ಯಾನೇಜರು ನಿಮ್ಮ ಅಜ್ಜಿಯೇ?

"ಯಸ್ ಸರ್!"

ಮ್ಯಾನೇಜರು ಬೀರು ಬಿಟ್ಟು ಮುಂದೆ ಬಂದ. ಮೇಷ್ಟ್ರ ದನಿ ಇದ್ದಕ್ಕಿದ್ದಂತೆ ತಗ್ಗಿತು.

ಇವತ್ತು ನಿಮ್ಮ ಕೈಗಳನ್ನೂ ಕೊಯ್ಯಲೇ?

"ಯಸ್ ಸರ್!"

ಎಲ್ಲರಿಗಿಂತ ಜೋರಾಗಿ ಕೂಗಿದವನು ಗೂಳಿ. ತಮ್ಮನ ಪರವಾಗಿ ಏನೋ ಕೇಳುತ್ತಿದ್ದಾರೆ ಎಂದುಕೊಂಡು ಪಾಪ, ಎದ್ದು ನಿಂತೇ ಕೂಗಿದ್ದ.

"ಇವನು ಕಳ್ಳ!" ಮ್ಯಾನೇಜರು ಅರಚಿದ. "ಇವನಿಗೆ ಡಿಗ್ರಿನೇ ಇಲ್ಲ! ಬಂದಾಗಿಂದ ನೋಡ್ತಿದೀನಿ!"

"ಬಂದಾಗಿನಿಂದ ಗೊತ್ತಿದ್ದೂ ಇಷ್ಟು ಜನರನ್ನ ಇವನ ಕೈಗೆ ಕೊಟ್ರಾ?" ಎಂದರು ಅಧಿಕಾರಿ.

ಆಡಿದ ಮಾತು ತನ್ನ ಕುತ್ತಿಗೆಗೇ ಸುತ್ತಿಕೊಂಡದ್ದು ಮ್ಯಾನೇಜರಿಗೆ ಆಗ ತಿಳಿಯಿತು. ತಿಳಿದವನು ಸುಮ್ಮನಾಗಲಿಲ್ಲ. ಕುರಿ ತೂಗುಹಾಕುವ ಉಕ್ಕಿನ ಸರಳೊಂದು ಗೋಡೆಗೊರಗಿತ್ತು. ಅದನ್ನೆತ್ತಿ ಮೇಷ್ಟ್ರ ದವಡೆಗೆ ಬೀಸಿದ. ಟಪ್ ಎಂಬ ಸದ್ದು ಎಲ್ಲರಿಗೂ ಕೇಳಿಸಿತು. ಬಡವನ ಸಿಟ್ಟು ದವಡೆಗೆ ಮೂಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮೇಷ್ಟ್ರು ರಕ್ತದ ಜೊತೆ ಹಲ್ಲು ಉಗಿದು, ಮ್ಯಾನೇಜರನ ಟೈ ಹಿಡಿದೆಳೆದು, ಹಣೆಯಿಂದ ಅವನ ಮೂಗಿಗೆ ಗುದ್ದಿದರು. ಸರಳು ಮತ್ತೆ ಮೇಲೆದ್ದಾಗ ಅದನ್ನು ಹಿಂದಿನಿಂದ ಹಿಡಿದವನು ಕುರಿ ಸುಲಿಯುವವನು. ತಿರುಚಿ ಕಿತ್ತುಕೊಂಡವನು ಮೂಳೆ ಕೊಯ್ಯುವವನು. ಅಧಿಕಾರಿ ಬೆಂಚಿನ ಮೇಲೆ ಹತ್ತಿ ಕೊಡೆಯಿಂದ ಬೀರು ಬಡಿಯದೇ ಇದ್ದಿದ್ದರೆ ಮ್ಯಾನೇಜರು ಅವತ್ತು ಕೊಕ್ಕೆಗೇ ಏರುತ್ತಿದ್ದ.

ಆ ಹೆಂಗಸು ಯಾರ ಮುಖವನ್ನೂ ನೋಡದೆ ತೀರ್ಮಾನ ಮಾಡಿದರು. ಮೌನಿಯ ತಪ್ಪಿಲ್ಲ. ಆಪರೇಷನ್ ಕಂಪನಿಯೇ ಮಾಡಿಸಬೇಕು, ಗುಣವಾಗುವವರೆಗೆ ಅವನನ್ನು ಕಳಿಸುವಂತಿಲ್ಲ. ಮ್ಯಾನೇಜರನ ಮೇಲೆ ಕೇಸು. ಮೇಷ್ಟ್ರು ಸುಳ್ಳು ಹೇಳಿ ಸೇರಿದ್ದೂ ನಿಜ, ಹೊಡೆದು ಕಲಿಸಿದ್ದೂ ನಿಜ. ಜೈಲು ಬೇಡ, ದೇಶ ಬಿಡಲಿ. ಕಂಪನಿಯವರು ಅದೇ ಸಂಜೆ ಭಾವನ ಕೈಯಿಂದ ಲಾರಿಯ ಬೀಗದ ಕೈ ಕಿತ್ತುಕೊಂಡರು.

ಹೊರಡುವ ದಿನ ಬೆಳಿಗ್ಗೆ ಮೇಷ್ಟ್ರು ಅಕ್ಕನ ಅಡುಗೆಮನೆಯಲ್ಲಿ ಕೂತಿದ್ದರು. ದವಡೆಗೆ ತಂತಿ ಬಿಗಿದು ತಲೆಯ ಸುತ್ತ ಬಟ್ಟೆ ಕಟ್ಟಿತ್ತು. ಅಕ್ಕ ಚಮಚದಲ್ಲಿ ಗಂಜಿ ಕುಡಿಸುತ್ತ, ಎರಡು ಚಮಚಕ್ಕೊಮ್ಮೆ ತಲೆಗೆ ಮೊಟಕುತ್ತಿದ್ದಳು.

"ನನ್ ಸಂಸಾರ ಬೀದಿಗೆ ತಂದ್ಯಲ್ಲೋ. ನುಂಗು. ನಿನ್ ಭಾವ ನಿನ್ನೆಯಿಂದ ಮಾತಾಡಿಲ್ಲ. ನುಂಗೋ!"

ಭಾವ ಗೋಡೆ ಕಡೆ ಮುಖ ಮಾಡಿ ಕೂತಿದ್ದರು.

ಬಾಗಿಲಲ್ಲಿ ದಡಬಡ ಸದ್ದಾಯಿತು. ಗೂಳಿ. ಹಿಂದೆ ಮೆಟ್ಟಿಲ ತುಂಬ ಜನ, ಸುಲಿಯುವವರೂ ಕೊಯ್ಯುವವರೂ ಕಲಸುಮೇಲೋಗರ. ಅಕ್ಕ ಹಿಡಿದಿದ್ದ ಚಮಚ ಬಿಸಾಕಿ ಕಬ್ಬಿಣದ ಬಾಣಲೆ ಎತ್ತಿಕೊಂಡಳು.

"ಇನ್ನೊಂದು ಏಟು ಬೀಳಲಿ, ನಿನ್ ತಲೆ ಒಡೀತೀನಿ! ಉಳಿದಿರೋದೇ ಅರ್ಧ ಮೂತಿ!"

"ಹೊಡೆಯೋಕಲ್ಲ ಅಕ್ಕ," ಎಂದ ಗೂಳಿ. ಒಳಗೆ ಬಂದು ನೆಲದ ಮೇಲೆ ಕೂತ. ಉಳಿದವರೂ ಕೂತರು. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು. "ನಿನ್ನ ಏರ್‌ಪೋರ್ಟಿಗೆ ಒಯ್ಯೋ ವ್ಯಾನ್ ಬರೋದ್ರೊಳಗೆ ಮೆಷಿನ್ ಮಾತು ಹೇಳ್ಕೊಡು. ನಿಲ್ಲಿಸು ಅನ್ನೋಕೆ ಏನು, ಕೈ ಒಳಗಿದೆ ಅನ್ನೋಕೆ ಏನು, ಅರ್ಥ ಆಗ್ಲಿಲ್ಲ ಅನ್ನೋಕೆ ಏನು. ತಮ್ಮನಿಗೆ ನಾನು ಹೋಗಿ ಹೇಳ್ತೀನಿ. ಮತ್ತೆ ಬರೀ ಯಸ್ ಕಲಿಸಿದ್ಯೋ, ಈ ಕಡೆ ದವಡೆನೂ ಮುರೀತೀನಿ."

ಮೇಷ್ಟ್ರು ಬಾಯಿ ತೆರೆಯಲು ನೋಡಿದರು. ತಂತಿ ಬಿಡಲಿಲ್ಲ. ಹಲ್ಲುಗಳ ಸಂದಿಯಿಂದ ಗಾಳಿಯಷ್ಟೇ ಹೊರಬಂತು. ಕಣ್ಣಲ್ಲಿ ನೀರು ಬಂತು, ನೋವಿಗೋ ಯಾತಕ್ಕೋ.

ಭಾವ ಗೋಡೆಯಿಂದ ಮುಖ ತಿರುಗಿಸಿದರು. ಸ್ವಲ್ಪ ಹೊತ್ತು ಭಾಮೈದನನ್ನು ದುರುಗುಟ್ಟಿ ನೋಡಿದರು. ಆಮೇಲೆ ತೆವಳಿಕೊಂಡು ಹತ್ತಿರ ಬಂದು ಅವನ ಬಾಯಿಗೆ ಕಿವಿ ಕೊಟ್ಟರು.

"ಹೇಳೋ ಅರೆಮೇಷ್ಟ್ರೇ. ನೀನು ಪಿಸುಗುಡು, ನಾನು ಕೂಗ್ತೀನಿ."

ಮೇಷ್ಟ್ರು ಪಿಸುಗುಟ್ಟಿದರು. ಭಾವ ಲಾರಿಯ ಹಾರ್ನಿನಂಥ ಗಂಟಲಿನಲ್ಲಿ ಕೂಗಿದರು. ಅಡುಗೆಮನೆ ಹಿಂದೆಯೇ ಕೂಗಿತು. ಪಕ್ಕದ ಮನೆಯವನು ಸಿಟ್ಟಿನಿಂದ ಗೋಡೆ ಗುದ್ದಿದ. ಗೂಳಿ ಎದ್ದು ಆ ಗೋಡೆಗೆ ಎರಡು ಪಟ್ಟು ಜೋರಾಗಿ ಗುದ್ದಿ, ಕೂತು, "ಮುಂದಿಂದು ಹೇಳು," ಎಂದ.