ಸೊನ್ನೆಯಲ್ಲಿ ನಿಲ್ಲದ ಮುಳ್ಳು

ಹವಾಮಾನ ಉಪಗ್ರಹದ ಕ್ಯಾಮೆರಾದಲ್ಲಿ ಫೋಕಸ್ ಸರಿಪಡಿಸುವ ಭಾಗವನ್ನು ವಿನ್ಯಾಸ ಮಾಡುವುದು ಆಗ ನನ್ನ ಕೆಲಸ. ಅದರೊಳಗೆ ಲೆನ್ಸ್ ಸರಿಯಬೇಕಾದದ್ದು ಒಂದು ಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಆ ಲೆನ್ಸ್ ಕೂರುವ ಅಲ್ಯೂಮಿನಿಯಂ ಕೊಳವೆಯನ್ನು ಮಾಡಿದವರು ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಬಸಣ್ಣ.

ಅಳತೆ ನೋಡಲು ನಾನೇ ಹೋದೆ. ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನೂ ಮುಳ್ಳು ಸರಿಸಿ ತೋರಿಸುವ ಡಯಲ್ ಗೇಜನ್ನು ಕೊಳವೆಯ ಮೇಲೆ ಕೂರಿಸಿ, ಮುಳ್ಳನ್ನು ಸೊನ್ನೆಗೆ ತಂದಿಟ್ಟಿದ್ದರು. ನಾನು ಬಗ್ಗಿ ನೋಡುತ್ತಿದ್ದಂತೆ ಮುಳ್ಳು ಮೆಲ್ಲಗೆ ತೆವಳತೊಡಗಿತು.

"ಇದು ನಡೆಯೋದಿಲ್ಲ ಬಸಣ್ಣ, ಅಳತೆ ನಿಲ್ಲುತ್ತಿಲ್ಲ, ಬೇರೆ ಮಾಡಬೇಕು," ಎಂದೆ, ಸ್ವಲ್ಪ ಗಡುಸಾಗಿಯೇ. ಅವರ ಒಂದು ತಿಂಗಳ ದುಡಿಮೆ ಅದು.

ಅವರು ಗೇಜ್ ಕಡೆ ತಿರುಗಲೇ ಇಲ್ಲ, ನನ್ನನ್ನೇ ನೋಡಿದರು. "ಸರ, ತಪ್ಪು ತಿಳೀಬ್ಯಾಡ್ರಿ. ಎರಡು ಹೆಜ್ಜಿ ಹಿಂದ ಸರೀರಿ. ನಿಮ್ಮ ಮೈ ಬಿಸಿ ತಟ್ಟಿ ಅದು ಹಿಗ್ಗಾಕತ್ತೈತಿ."

"ನಾನು ಮುಟ್ಟಿಯೇ ಇಲ್ಲವಲ್ಲ!"

"ಮುಟ್ಟಬೇಕಂತ ಏನಿಲ್ರಿ, ಉಸಿರು ಸಾಕು. ಬರ್ರಿ, ಚಾ ಕುಡಿದು ಬರೂಣು."

ಚಹಾ ಮುಗಿಸಿ ಬಂದಾಗ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಗೋಡೆಗೆ ತೂಗುಹಾಕಿದ್ದ ದುರ್ಬೀನನ್ನು ಕೈಗಿಟ್ಟರು. ಅದರಲ್ಲಿ ನೋಡಿದೆ. ಮುಳ್ಳು ಸೊನ್ನೆಗೆ ಮರಳಿ, ಅಲುಗಾಡದೆ ನಿಂತಿತ್ತು. ಬಿಸಿಗೆ ಲೋಹ ಹಿಗ್ಗುತ್ತದೆಂದು ಪುಟಗಟ್ಟಲೆ ಲೆಕ್ಕ ಹಾಕಿದವನು ನಾನು. ಸುಮ್ಮನೆ ನಿಂತೇ ಅದನ್ನು ಬೆಳೆಸಬಲ್ಲೆನೆಂದು ಮಾತ್ರ ಗೊತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಆ ಕ್ಯಾಮೆರಾ ಮೇಲಿನಿಂದ ಕಳಿಸಿದ ಮೋಡಗಳ ಚಿತ್ರ ಟಿವಿಯಲ್ಲಿ ಬಂತು. ಅಂಚು ಅಂಚೂ ಸ್ಪಷ್ಟ. ಹತ್ತಿರದಿಂದ ನೋಡೋಣವೆಂದು ಎದ್ದು ಹೋದವನು, ಟಿವಿಯ ಮುಂದೆ ಬಗ್ಗುವಷ್ಟರಲ್ಲಿ ನನಗರಿವಿಲ್ಲದೆಯೇ ಎರಡು ಹೆಜ್ಜೆ ಹಿಂದೆ ಸರಿದಿದ್ದೆ.